ಶ್ರೀನಗರದಿಂದ ಟ್ಯಾಕ್ಸಿಯಲ್ಲಿ ಉರಿ ಮತ್ತು ಜೋಜಿ ಲಾ: ಎರಡು ದಿನದ ಅನುಭವ

ಡ್ರೈವರ್‌ಗೆ ಐದಕ್ಕೆ ಐದು. ಬುಕಿಂಗ್ ಮಾಡಿಕೊಟ್ಟ ಏಜೆನ್ಸಿಗೆ ಎರಡು.

ಅಪ್ಪ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಮನೆ ಹಲಸೂರಿನಲ್ಲಿ. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಕಣಿವೆ ದಾರಿ ಜೋಜಿ ಲಾ ನೋಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಸೆಪ್ಟೆಂಬರ್‌ನಲ್ಲಿ ಕರೆದುಕೊಂಡು ಹೋದೆ. ನಮ್ಮ ಸೇನೆಯ 19ನೇ ಡಿವಿಷನ್ ಹೋರಾಡಿದ ಎರಡು ದಿಕ್ಕು, ಎರಡು ದಿನ.

ಉರಿ ದಿನ ಅರ್ಧಕ್ಕೇ ನಿಂತಿತು. ಆಧಾರ್ ಇದ್ದರೆ ಸಾಕು ಅಂದಿದ್ದರು ಏಜೆನ್ಸಿಯವರು. ಚೆಕ್‌ಪೋಸ್ಟ್‌ನಲ್ಲಿ ಅನುಮತಿ ಪತ್ರ ಕೇಳಿದರು. ಹಾಜಿ ಪೀರ್ ಕಣಿವೆ ದಾರಿ ಇರುವ ದಕ್ಷಿಣದ ಬೆಟ್ಟಗಳನ್ನು ದೂರದಿಂದಲೇ ನೋಡಿ ಬಂದೆವು. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1965ರ ಆಗಸ್ಟ್ 28ರಂದು ಈ ಡಿವಿಷನ್ನಿನವರು ಆ ಕಣಿವೆ ಹಿಡಿದಿದ್ದರು. 1 ಪ್ಯಾರಾ ಬೆಟಾಲಿಯನ್ನಿನ ಮೇಜರ್ ರಂಜಿತ್ ಸಿಂಗ್ ದಯಾಳ್ ಮಳೆಯಲ್ಲೇ ರಾತ್ರಿ ತಮ್ಮವರನ್ನು ಬೆಟ್ಟ ಹತ್ತಿಸಿದ್ದರು. ಮರುವರ್ಷ ತಾಷ್ಕೆಂಟ್ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಟ್ಟೆವು. ಅಪ್ಪನಿಗೆ ಇವತ್ತಿಗೂ ಆ ನೋವು ಹೋಗಿಲ್ಲ.

ಎರಡನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಕಾರು ಬಾಗಿಲಲ್ಲಿತ್ತು. ಜೋಜಿ ಲಾ ಬುಡದ ಬಾಲ್ಟಾಲ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಜಾಗ ನೋಡಿ ಡ್ರೈವರ್ ನಿಲ್ಲಿಸಿದರು. ಚಕ್ರಕ್ಕೆ ಕಲ್ಲು ಕೊಟ್ಟರು. ಫ್ಲಾಸ್ಕಿನಿಂದ ಉಪ್ಪು ಚಹಾ ಬಗ್ಗಿಸಿದರು. ಅಪ್ಪ ಚಹಾ ಮುಟ್ಟಲಿಲ್ಲ. ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದರು. ಆಮೇಲೆ ಬಂಡೆಗೆ ಅಂಗೈ ಇಟ್ಟು, "ನಮ್ಮವರು ಇಂಥ ಕಲ್ಲನ್ನೇ ಒಡೆದದ್ದು ಕಣಮ್ಮ" ಅಂದರು.

1948ರಲ್ಲಿ ಇದು ಹೇಸರಗತ್ತೆ ಹೋಗುವ ದಾರಿ. ಪಾಕಿಸ್ತಾನದ ಜೊತೆ ಮೊದಲ ಕಾಶ್ಮೀರ ಯುದ್ಧ ನಡೆದಿತ್ತು, ಕಣಿವೆ ಶತ್ರುಗಳ ಕೈಯಲ್ಲಿತ್ತು. ಲೇಹ್‌ಗೆ ಈ ಕಡೆಯಿಂದ ದಾರಿಯೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಾಡಿದ ದಾಳಿ ಫಲಿಸಲಿಲ್ಲ. ಆಗ ಡಿವಿಷನ್ನಿನ ಕಮಾಂಡರ್ ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಟ್ಯಾಂಕ್ ಹತ್ತಿಸೋಣ ಅಂದರು. ಹನ್ನೊಂದು ಸಾವಿರ ಅಡಿ ಮೇಲಕ್ಕೆ! 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಟರೆಟ್ (ಮೇಲಿನ ತೋಪಿನ ಗೋಪುರ) ಬಿಚ್ಚಿ, ಗುಟ್ಟಾಗಿ ಜಮ್ಮು ಕಡೆಯಿಂದ ತಂದರು. ಬಾಲ್ಟಾಲ್‌ನಿಂದ ಮೇಲಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ನಮ್ಮ ಕೈಗೆ ಬಂದವು.

ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕವನ್ನೂ ನೋಡಿದೆವು. ಅದರ ಹಿಂದೆಯೇ ತೋಲೋಲಿಂಗ್ ಬೆಟ್ಟ. 1999ರಲ್ಲಿ ಇಲ್ಲಿ ಕಾದಾಡಿದ್ದು 8ನೇ ಮೌಂಟನ್ ಡಿವಿಷನ್, ಅದರ ಕಥೆಯೇ ಬೇರೆ.

ಆ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು. ಡ್ರೈವರ್ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಸೀಟು ಹಂಚಿಕೊಳ್ಳುವ ಗಾಡಿಯಲ್ಲಿ ಇದು ಸಿಗುತ್ತಾ? ಪೂರ್ತಿ ಕಾರು ಮಾಡಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಉರಿ ಅನುಮತಿ ಯಾರು ಮಾಡಿಸಬೇಕು ಅನ್ನೋದನ್ನು ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ.