ತಲೆಯನ್ನು ಯಾವ ಕೋನದಲ್ಲಿ ಕೂರಿಸುತ್ತೀರಿ ಎಂದು ಕೇಳದೆ ಸಹಿ ಹಾಕಬೇಡಿ

ಹೋದ ವರ್ಷದ ಆಷಾಢದಲ್ಲಿ ನನ್ನ ತಲೆಬುರುಡೆಯನ್ನು ಕತ್ತಿನ ಮೇಲ್ತುದಿಯ ಎಲುಬುಗಳಿಗೆ ಸ್ಕ್ರೂ ಮತ್ತು ರಾಡ್ ಹಾಕಿ ಬಿಗಿದರು. ಆ ಶಸ್ತ್ರಚಿಕಿತ್ಸೆ ನನಗೆ ಬೇಕೇ ಬೇಕಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಹತ್ತೊಂಬತ್ತನೆಯ ದಿನ ಅದೇ ಹೊಲಿಗೆ ಬಿಚ್ಚಿಸಿಕೊಂಡು ಮತ್ತೆ ಮೇಜಿನ ಮೇಲೆ ಬೋರಲು ಮಲಗಬೇಕಾಯಿತಲ್ಲ, ಅದರ ಬಗ್ಗೆ ಇದೆ. ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ, ಅವರೂ ತಾವಾಗಿ ಹೇಳಲಿಲ್ಲ.

ನನ್ನದು ಹದಿನೇಳು ವರ್ಷದ ರುಮಟಾಯ್ಡ್ ಸಂಧಿವಾತ. ಅದು ಬೆರಳಿನ ಗಿಣ್ಣುಗಳನ್ನು ತಿನ್ನುವುದು ಎಲ್ಲರಿಗೂ ಕಾಣುತ್ತದೆ, ಕತ್ತಿನೊಳಗೆ ಮಾಡುವ ಕೆಲಸ ಕಾಣುವುದಿಲ್ಲ. ಕತ್ತಿನ ಮೊದಲ ಎಲುಬು ಉಂಗುರದ ಹಾಗಿದೆ, ಎರಡನೆಯದರ ಗೂಟ ಅದರೊಳಗೆ ನಿಂತಿರುತ್ತದೆ. ಗೂಟವನ್ನು ಹಿಡಿದಿಟ್ಟ ಪಟ್ಟಿ ಸಡಿಲವಾದರೆ, ತಲೆ ಬಗ್ಗಿಸಿದಾಗಲೆಲ್ಲ ಉಂಗುರ ಮುಂದಕ್ಕೆ ಜಾರಿ ಬೆನ್ನುಹುರಿಗೆ ಜಾಗ ಇಕ್ಕಟ್ಟಾಗುತ್ತದೆ. ನನಗೆ ಬೆನ್ನಿನುದ್ದಕ್ಕೂ ಕರೆಂಟು ಹರಿದಂತಾಗುತ್ತಿತ್ತು. ಎರಡು ವರ್ಷ ಅದಕ್ಕೆ ಸ್ಪಾಂಡಿಲೈಟಿಸ್ ಎಂದು ಹೆಸರಿಟ್ಟು ಕತ್ತಿಗೆ ತೂಕ ಕಟ್ಟಿ ಎಳೆದರು, ಎಣ್ಣೆ ಉಜ್ಜಿದರು, ಊರಿನ ಒಬ್ಬ ಪುಣ್ಯಾತ್ಮ ಲಟಕ್ಕೆಂದು ತಿರುಗಿಸಿಯೂ ಬಿಟ್ಟ. ಬದುಕಿದ್ದೇನಲ್ಲ ಎಂದು ಈಗ ಆಶ್ಚರ್ಯವಾಗುತ್ತದೆ. ಎಂಆರ್‌ಐಯಲ್ಲೂ ಹೆಚ್ಚೇನೂ ಕಾಣಲಿಲ್ಲ, ಏಕೆಂದರೆ ಅಲ್ಲಿ ತಲೆಯನ್ನು ನೇರವಾಗಿಟ್ಟು ಮಲಗಿಸುತ್ತಾರೆ. ಕೊನೆಗೆ ಒಬ್ಬ ಯುವ ವೈದ್ಯ ತಲೆ ಬಗ್ಗಿಸಲು ಹೇಳಿ ಎಕ್ಸ್‌ರೇ ತೆಗೆಸಿದ. ಉಂಗುರದ ಮುಂಭಾಗಕ್ಕೂ ಗೂಟಕ್ಕೂ ನಡುವೆ ದೊಡ್ಡವರಲ್ಲಿ 3 ಮಿಲಿಮೀಟರ್ ಮೀರಬಾರದ ಅಂತರ ನನ್ನಲ್ಲಿ 9 ಇತ್ತು. ಅಷ್ಟರಲ್ಲಿ ರವಿಕೆಯ ಹುಕ್ಕು ಹಾಕಿಕೊಳ್ಳಲು ಮಗಳನ್ನು ಕರೆಯುವ ಸ್ಥಿತಿಗೆ ಬಂದಿದ್ದೆ.

ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವ, ಸೋಂಕು, ಪಾರ್ಶ್ವವಾಯು ಎಲ್ಲವೂ ಇದ್ದವು. ‘ಕತ್ತಿನ ಚಲನೆ ಸ್ವಲ್ಪ ಕಡಿಮೆಯಾಗಬಹುದು’ ಎಂಬುದೂ ಒಂದು ಸಾಲಿನಲ್ಲಿತ್ತು. ಸ್ವಲ್ಪವೇ! ಹೌದೆಂದು ತಲೆಯಾಡಿಸುವ ಕೀಲು ಮುಖ್ಯವಾಗಿ ಬುರುಡೆ ಮತ್ತು ಮೊದಲ ಎಲುಬಿನ ನಡುವಿನದು. ಅತ್ತಿತ್ತ ಹೊರಳುವುದರಲ್ಲಿ ಅರ್ಧದಷ್ಟು ಮೊದಲ ಮತ್ತು ಎರಡನೆಯ ಎಲುಬಿನ ನಡುವೆ ನಡೆಯುತ್ತದೆ. ನನಗೆ ಎರಡೂ ಹೋದವು. ಲೋಟ ಎತ್ತಿ ಕುಡಿಯುವ ಮನೆಯಲ್ಲಿ ಹುಟ್ಟಿ, ಅದಕ್ಕಿಂತ ಕಟ್ಟುನಿಟ್ಟಿನ ಮನೆಗೆ ಸೊಸೆಯಾಗಿ ಬಂದವಳು ಈಗ ಕಚ್ಚಿ ಕುಡಿಯುತ್ತೇನೆ. ನಮ್ಮತ್ತೆಯವರು ಇದ್ದಿದ್ದರೆ ನನ್ನ ಲೋಟವನ್ನು ಬೇರೆ ಇಡಿಸುತ್ತಿದ್ದರು.

ಇದನ್ನೆಲ್ಲ ಸಹಿಸಬಹುದಿತ್ತು. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ಗದ್ದ ಎದೆಯ ಕಡೆಗೆ ಸೆಳೆದಂತಿತ್ತು, ಎದುರಿಗೆ ನಿಂತವರ ಮುಖ ನೋಡಲು ಹುಬ್ಬು ಮೇಲೇರಿಸಬೇಕಿತ್ತು. ಬೋರಲು ಮಲಗಿಸಿ ಗದ್ದವನ್ನು ಒಳಕ್ಕೆ ಬಾಗಿಸಿದರೆ ಕತ್ತಿನ ಹಿಂಭಾಗ ತೆರೆದುಕೊಂಡು ಶಸ್ತ್ರವೈದ್ಯರಿಗೆ ಕೆಲಸ ಸುಲಭ. ನನ್ನನ್ನು ಆ ಭಂಗಿಯಲ್ಲೇ ಬಿಗಿದುಬಿಟ್ಟಿದ್ದರು. ಮೂರನೆಯ ದಿನ ಕೊಟ್ಟ ಮೊದಲ ಚಮಚ ನೀರು ನೆತ್ತಿಗೇರಿತು. “ಯಾರೋ ನೆನೆಸಿಕೊಳ್ಳುತ್ತಿದ್ದಾರೆ” ಎಂದು ನಾದಿನಿ ನಕ್ಕಳು. ಎರಡನೆಯದೂ ಏರಿತು, ಗಂಜಿಯೂ ಏರಿತು. ಅಂಗಾತ ಮಲಗಿದರೆ ಉಸಿರು ಗೊರಗೊರ ಎನ್ನುತ್ತಿತ್ತು. ಗಂಟಲಿಗೆ ಹಾಕಿದ್ದ ಕೊಳವೆಯಿಂದ ಊತ ಬಂದಿದೆ, ಇಳಿಯುತ್ತದೆ ಎಂದರು. ಮೂಗಿಗೆ ನಳಿಕೆ ಹಾಕಿ ಹದಿನಾಲ್ಕು ದಿನ ಊತ ಇಳಿಯುವುದನ್ನು ಕಾಯಿಸಿದರು.

ಗದ್ದ ಒಳಗೆ ಬಾಗಿದರೆ ಕೆಳದವಡೆ ಹಿಂದೆ ಸರಿದು ಗಂಟಲ ದಾರಿ ಕಿರಿದಾಗುತ್ತದೆ. ಬೇರೆಯವರು ತಲೆ ಎತ್ತಿ ಸರಿಪಡಿಸಿಕೊಳ್ಳುತ್ತಾರೆ, ನನ್ನಂಥವರು ಎಲ್ಲಿಂದ ಎತ್ತುವುದು? ಬುರುಡೆಗೂ ಎರಡನೆಯ ಎಲುಬಿಗೂ ನಡುವಿನ ಕೋನ ಮೊದಲಿಗಿಂತ ಕಡಿಮೆಯಾದರೆ ನುಂಗಲು, ಉಸಿರಾಡಲು ತೊಂದರೆಯಾಗುತ್ತದೆ ಎಂದು ಜಪಾನಿನ ವೈದ್ಯರು 2009ರಲ್ಲೇ ಪ್ರಕಟಿಸಿದ್ದಾರೆ. ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇರೊಂದು ಆಸ್ಪತ್ರೆಯ ವೈದ್ಯರು ಹಳೆಯ ಮತ್ತು ಹೊಸ ಎಕ್ಸ್‌ರೇಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರು. 14 ಡಿಗ್ರಿ ಕಡಿಮೆಯಾಗಿತ್ತು. ಅವರೇ ಮತ್ತೆ ತೆರೆದು, ತಲೆಯನ್ನು ಎತ್ತಿ ಕೂರಿಸಿದರು. ಆ ವಾರದಲ್ಲೇ ಮೆತ್ತಗಿನ ಅನ್ನ, ತಿಳಿಸಾರು ನೆಟ್ಟಗೆ ಹೊಟ್ಟೆಗೆ ಇಳಿಯಿತು.

ಅವರು ಇನ್ನೊಂದು ಮಾತು ಹೇಳಿದರು, ಅದು ನನ್ನನ್ನು ಈಗಲೂ ಕೊರೆಯುತ್ತದೆ. ನನ್ನ ಬುರುಡೆ ಕೆಳಕ್ಕೆ ಕುಸಿದಿರಲಿಲ್ಲವಂತೆ, ಬಹುಶಃ ಮೊದಲ ಎರಡು ಎಲುಬುಗಳನ್ನಷ್ಟೇ ಬೆಸೆದಿದ್ದರೂ ಸಾಕಿತ್ತಂತೆ. ಬುರುಡೆಯನ್ನು ಮುಟ್ಟದೆ ಆ ಎರಡನ್ನೇ ಪ್ಲೇಟು, ಸ್ಕ್ರೂಗಳಿಂದ ಬಿಗಿಯುವ ವಿಧಾನವನ್ನು ಮುಂಬೈಯ ಅತುಲ್ ಗೋಯಲ್ ಅವರು ಸಹೋದ್ಯೋಗಿಯೊಂದಿಗೆ 1994ರಲ್ಲೇ ಪ್ರಕಟಿಸಿದ್ದಾರೆ. ಹಾಗಾಗಿದ್ದರೆ ನನಗೆ ಹೌದೆನ್ನಲು ತಲೆಯಾದರೂ ಉಳಿಯುತ್ತಿತ್ತು.

ಆದ್ದರಿಂದ ಸಹಿ ಹಾಕುವ ಮೊದಲು ಕೇಳಿ: ಬುರುಡೆಯನ್ನು ಸೇರಿಸಲೇಬೇಕೇ, ಏಕೆ? ನಾನು ನಿಂತು ನೇರ ನೋಡುವಾಗಿನ ಎಕ್ಸ್‌ರೇ ತೆಗೆದಿಟ್ಟಿದ್ದೀರಾ? ರಾಡ್ ಬಿಗಿಯುವ ಮುನ್ನ ಮೇಜಿನ ಮೇಲೆಯೇ ಮತ್ತೊಮ್ಮೆ ತೆಗೆದು ಅದರೊಂದಿಗೆ ಹೋಲಿಸುತ್ತೀರಾ? ಡಾಕ್ಟರರಿಗೆ ಬೇಸರವಾದರೆ ಆಗಲಿ. ಆಮೇಲೆ ನೀರು ನೆತ್ತಿಗೇರುತ್ತಿದ್ದರೆ ಊತದ ಮಾತನ್ನು ನಂಬಿ ವಾರಗಟ್ಟಲೆ ಕಾಯದೆ ಕೋನ ಅಳೆಯಿರೆಂದು ಹಟ ಹಿಡಿಯಿರಿ. ಸಂಧಿವಾತದವರು ಮಂಡಿಯದೋ ಕಣ್ಣಿನದೋ ಬೇರಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ವೈದ್ಯರಿಗೆ ಕತ್ತಿನ ವಿಷಯ ಮೊದಲೇ ಹೇಳಿ. ಕೊಳವೆ ಹಾಕುವಾಗ ಸಡಿಲ ಕತ್ತನ್ನು ಬಗ್ಗಿಸಬಾರದು. ಕತ್ತು ಮುರಿದು ಆಯಾಸ ಕಳೆಯುವ ಕ್ಷೌರಿಕರಿಗಂತೂ ದೂರದಿಂದಲೇ ಕೈಮುಗಿಯಿರಿ.

ಇನ್ನು ಕನ್ನಡಕ. ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಎಂದು ಎರಡು ಭಾಗವಿರುವ ಗಾಜು ಬೇಡ. ಮೆಟ್ಟಿಲು ಇಳಿಯುವಾಗ ಬೇರೆಯವರು ಗದ್ದ ತಗ್ಗಿಸಿ ಮೇಲಿನ ಭಾಗದಿಂದ ನೋಡುತ್ತಾರೆ, ನಮಗೆ ಓದುವ ಗಾಜಿನಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಎರಡು ಬೇರೆ ಕನ್ನಡಕ ಮಾಡಿಸಿಕೊಳ್ಳಿ. ನಾನು ಮಾಡಿಸಿಕೊಂಡದ್ದು ನಾಲ್ಕನೆಯ ಮೆಟ್ಟಿಲಿನಿಂದ ಬಿದ್ದ ಮೇಲೆ.