ಎಬಿಎ ಥೆರಪಿ, ಎರಡು ವರ್ಷದ ನಂತರ: ಗ್ರಾಫ್‌ಗಿಂತ ಒಂದು ಕಾರ್ಡ್ ಜಾಸ್ತಿ ಕೆಲಸ ಮಾಡಿತು

ಮೊದಲೇ ಹೇಳಿಬಿಡುತ್ತೇನೆ. ಇಷ್ಟು ದಿನದ ಥೆರಪಿಯಲ್ಲಿ ನಮ್ಮ ಮನೆಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಕಾರ್ಡ್. ಅಂಗೈಯಗಲದ್ದು, ಲ್ಯಾಮಿನೇಟ್ ಮಾಡಿದ್ದು. ಅದರ ಮೇಲೆ ತಡೆಯುವ ಹಾಗೆ ಎತ್ತಿದ ಕೈಯ ಚಿತ್ರ, ಕೆಳಗೆ ‘ಸಾಕು’ ಎಂದು ಬರೆದಿದೆ. ಉಳಿದದ್ದರಲ್ಲಿ ಸ್ವಲ್ಪ ಇಷ್ಟವಾಯಿತು, ಸುಮಾರಷ್ಟು ಸಿಟ್ಟು ಬಂತು.

ಎಬಿಎ ಎಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಆಟಿಸಂ ಇರುವ ಮಕ್ಕಳಿಗೆ ಒಂದೊಂದೇ ಕೌಶಲವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ಸರಿ ಮಾಡಿದಾಗ ಇಷ್ಟವಾದದ್ದನ್ನು ಕೊಟ್ಟು ಕಲಿಸುವ ಥೆರಪಿ. ಉಳಿದದ್ದನ್ನು ಇಲ್ಲಿಗೆ ಬರುವಷ್ಟರಲ್ಲಿ ನೀವು ಓದಿಯೇ ಇರುತ್ತೀರಿ, ಬಿಡುತ್ತೇನೆ. ಮಗಳಿಗೆ ಆಗ ಮಾತು ಬರುತ್ತಿರಲಿಲ್ಲ. ಸೆಂಟರ್‌ನಲ್ಲಿ ಮೇಜಿನ ಮುಂದೆ ಕೂರಿಸಿ ಶುರು ಮಾಡಿದರು. ಒಂದು ಸೂಚನೆ, ಬೇಕಾದರೆ ಕೈ ಹಿಡಿದು ಸಹಾಯ, ಸರಿಯಾದ ತಕ್ಷಣ ಸೋಪಿನ ಗುಳ್ಳೆ ಊದುವುದು, ಮತ್ತೆ ಅದೇ ಸೂಚನೆ. ಒಂದೊಂದು ಪ್ರಯತ್ನಕ್ಕೂ ಹಾಳೆಯಲ್ಲಿ ಒಂದು ಗುರುತು. ತಿಂಗಳ ಕೊನೆಗೆ ಗ್ರಾಫ್.

ಆ ಗ್ರಾಫ್‌ಗಳ ಮೇಲೆ ನನಗೆ ಇವತ್ತಿಗೂ ಕೋಪ ಇದೆ. ಬಣ್ಣ ಗುರುತಿಸುವ ಗೆರೆ ಮೆಟ್ಟಿಲು ಹತ್ತಿದಂತೆ ಮೇಲೇರುತ್ತಿತ್ತು. ಮನೆಯಲ್ಲಿ ಕೆಂಪು ಚೆಂಡು ಕೊಡು ಎಂದರೆ ಅವಳು ಗೋಡೆ ನೋಡುತ್ತಿದ್ದಳು. ಅವಳು ಕಲಿತಿದ್ದು ಆ ಮೇಜು, ಆ ಕಾರ್ಡುಗಳು, ಆ ಥೆರಪಿಸ್ಟ್ ಧ್ವನಿ, ಇಷ್ಟೂ ಸೇರಿದ ಕೆಂಪನ್ನು. ಕಲಿತದ್ದು ಇನ್ನೊಂದು ಜಾಗಕ್ಕೆ, ಇನ್ನೊಬ್ಬರ ಜೊತೆಗೆ ತಾನಾಗಿಯೇ ದಾಟುವುದಿಲ್ಲ, ಅದನ್ನೂ ಬೇರೆಯಾಗಿ ಕಲಿಸಬೇಕು. ಈ ಕ್ಷೇತ್ರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಿದ್ದರೂ ನಮ್ಮ ಪ್ಲಾನ್‌ನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಇದರ ಮೇಲೆ ಥೆರಪಿಸ್ಟ್‌ಗಳು ಬದಲಾಗುತ್ತಲೇ ಇದ್ದರು. ಒಬ್ಬರಿಗೆ ಹೊಂದಿಕೊಂಡಳು ಎನ್ನುವಷ್ಟರಲ್ಲಿ ಅವರು ಕೆಲಸ ಬಿಡುತ್ತಿದ್ದರು.

ಗಂಟೆಗಳ ವಿಷಯ ಬೇರೆ. ಸೇರುವಾಗ ವಾರಕ್ಕೆ 40 ಗಂಟೆ ಎಂದು ಒತ್ತಾಯ ಮಾಡಿದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅಷ್ಟು ದುಡ್ಡೂ ಇಲ್ಲ, ಅಷ್ಟು ಹೊತ್ತು ದುಡಿಯುವುದು ದೊಡ್ಡವರಿಗೇ ಕಷ್ಟ, ಅಲ್ವಾ? ಆ ಸಂಖ್ಯೆ ಬಂದದ್ದು 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೊವಾಸ್ ಪ್ರಕಟಿಸಿದ ಅಧ್ಯಯನದಿಂದ. ಅಂಥ ತೀವ್ರ ತರಬೇತಿ ಸಿಕ್ಕ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಮೊದಲ ತರಗತಿ ಮುಗಿಸಿದರು ಎಂಬುದು ಅದರ ದೊಡ್ಡ ಸುದ್ದಿ. ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿರಲಿಲ್ಲ ಎಂಬುದನ್ನು, ಗದರುವುದು ಮತ್ತು ತೊಡೆಗೆ ಏಟು ಕೊಡುವುದು ಕೂಡ ಆ ತರಬೇತಿಯಲ್ಲಿ ಇತ್ತು ಎಂಬುದನ್ನು ಯಾರೂ ನಮಗೆ ಹೇಳಲಿಲ್ಲ. ನಾವು ಅದರ ಕಾಲು ಭಾಗಕ್ಕಿಂತ ಕಡಿಮೆ ಗಂಟೆ ತೆಗೆದುಕೊಂಡೆವು. ಅವಳು ಆಡಲೂ ಬೇಕಲ್ಲ.

ಇಷ್ಟಾದ ಮೇಲೂ ಬಿಡಲಿಲ್ಲ ಯಾಕೆ ಎಂದರೆ ಮನೆಗೆ ಬಂದ ಸೂಪರ್‌ವೈಸರ್. ಅವರು ಬಚ್ಚಲಲ್ಲಿ ನಿಂತು ಹಲ್ಲುಜ್ಜುವುದನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಬರೆದರು. ಕಲಿಸಿದ್ದು ಕೊನೆಯಿಂದ. ಉಳಿದದ್ದನ್ನೆಲ್ಲ ನಾನು ಮಾಡಿಸಬೇಕು, ಬ್ರಷ್ ಲೋಟಕ್ಕೆ ಹಾಕುವುದು ಮಾತ್ರ ಅವಳದು. ಅದು ಬಂದ ಮೇಲೆ ಬ್ರಷ್ ತೊಳೆಯುವುದೂ ಅವಳದು, ಆಮೇಲೆ ಬಾಯಿ ಮುಕ್ಕಳಿಸುವುದು. ಹೀಗೆ ಪ್ರತಿ ದಿನವೂ ಕೆಲಸ ಅವಳ ಕೈಯಲ್ಲೇ ಮುಗಿಯುತ್ತದೆ. ಬ್ರಷ್ ಲೋಟಕ್ಕೆ ಬಿದ್ದ ಟಕ್ ಸದ್ದಿಗೆ ಅವಳು ಎರಡು ಸಲ ಕುಪ್ಪಳಿಸುತ್ತಾಳೆ. ನಾನೂ ಕುಪ್ಪಳಿಸಬೇಕು, ಇಲ್ಲದಿದ್ದರೆ ಬ್ರಷ್ ತೆಗೆದು ಮತ್ತೆ ಹಾಕುತ್ತಾಳೆ. ಬೆಳಿಗ್ಗೆ ಎಷ್ಟೇ ಅವಸರ ಇದ್ದರೂ ಇದು ತಪ್ಪುವ ಹಾಗಿಲ್ಲ.

ಕಾರ್ಡ್ ಕೊಟ್ಟವರೂ ಅವರೇ. ಆಗ ಅವಳು ಮೇಜು ತಳ್ಳುತ್ತಿದ್ದಳು, ಚೀರುತ್ತಿದ್ದಳು, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಸೂಪರ್‌ವೈಸರ್ ಸುಮ್ನೆ ಕೂತು, ಕಚ್ಚುವ ಮೊದಲು ಏನಾಯಿತು, ಕಚ್ಚಿದ ಮೇಲೆ ಏನು ಸಿಕ್ಕಿತು ಎಂದು ಬರೆದುಕೊಂಡರು. ಮಗು ಹೀಗೆ ಮಾಡುವುದು ಗಮನಕ್ಕಾಗಿಯೋ, ಒಂದು ವಸ್ತುವಿಗಾಗಿಯೋ, ತಪ್ಪಿಸಿಕೊಳ್ಳಲೋ, ದೇಹಕ್ಕೆ ಹಿತವೆಂದೋ ಎಂದು ನೋಡುತ್ತಾರೆ. ನಮ್ಮವಳದು ತಪ್ಪಿಸಿಕೊಳ್ಳಲು. ಹಾಗಾದರೆ ಅದೇ ಕೆಲಸವನ್ನು ಕಚ್ಚದೆ ಮಾಡುವ ದಾರಿ ಕೊಡಬೇಕು. 1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಎಂಬ ಇಬ್ಬರು ಸಂಶೋಧಕರು ಇದನ್ನೇ ತೋರಿಸಿದ್ದರು. ಸಹಾಯವನ್ನೋ ಗಮನವನ್ನೋ ಬಾಯಿಬಿಟ್ಟು ಕೇಳಲು ಕಲಿತ ಮಕ್ಕಳಲ್ಲಿ ಇಂಥ ವರ್ತನೆ ಇಳಿಯಿತು.

ಕಚ್ಚುವ ಸೂಚನೆ ಕಂಡ ಕೂಡಲೇ ಅವಳ ಕೈ ಹಿಡಿದು ಕಾರ್ಡ್ ಕೊಡಿಸುವುದು, ಕೊಟ್ಟ ತಕ್ಷಣ ಎಲ್ಲ ನಿಲ್ಲಿಸುವುದು. ಒಂದು ಸಲವೂ ತಪ್ಪುವಂತಿಲ್ಲ. ಕೆಲವೇ ವಾರಗಳಲ್ಲಿ ಕಾರ್ಡ್ ತಾನಾಗಿಯೇ ಬಂತು. ತಲೆ ಬಾಚುವಾಗ ಕೊಟ್ಟಳು. ಮನೆ ತುಂಬ ನೆಂಟರು ಇದ್ದಾಗ ಒಬ್ಬೊಬ್ಬರ ಹತ್ತಿರ ಹೋಗಿ ಕೊಟ್ಟು ಬಂದಳು. ಒಂದು ರಾತ್ರಿ ನಾನು ಹಾಡು ಹೇಳಿ ಮಲಗಿಸುತ್ತಿದ್ದೆ, ಎದ್ದು ಹೋಗಿ ಕಾರ್ಡ್ ತಂದು ನನ್ನ ಕೈಯಲ್ಲಿಟ್ಟಳು. ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು. ನಾಲ್ಕು ವರ್ಷ ಏನು ಬೇಡ ಎಂದು ಊಹಿಸುತ್ತಲೇ ಇದ್ದ ನಮಗೆ ಅವಳೇ ನೇರವಾಗಿ ಹೇಳಿದಳು.

ಇಲ್ಲೇ ಸೆಂಟರ್ ಮತ್ತೆ ನಿರಾಸೆ ಮಾಡಿತು. ಆ ಸೂಪರ್‌ವೈಸರ್ ಹೋದ ಮೇಲೆ ಬಂದವರು, “ಕಾರ್ಡ್ ಜಾಸ್ತಿ ಬಳಸ್ತಾಳೆ, ಟಾರ್ಗೆಟ್ ಮುಗಿಯಲ್ಲ” ಎಂದು ಒಂದು ಸೆಷನ್‌ಗೆ ಇಷ್ಟೇ ಎಂದು ಮಿತಿ ಹಾಕಿದರು. ಸ್ವಲ್ಪ ಕಾಯಲು ಕಲಿಸುವುದು ಸರಿ, ‘ಇನ್ನೊಂದು ಮಾಡಿ ಆಮೇಲೆ ಸಾಕು’ ಎನ್ನುವುದು ಮನೆಯಲ್ಲೂ ನಡೆಯುತ್ತದೆ. ಎಣಿಸಿ ಕೊಟ್ಟು, ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಬೀಗ ಹಾಕುವುದು ಬೇರೆ ವಿಷಯ. ಎರಡನೇ ವಾರಕ್ಕೆ ಕಚ್ಚುವುದು ಮರಳಿತು. ನಾನು ಜಗಳ ಮಾಡಿಯೇ ಆ ಮಿತಿ ತೆಗೆಸಿದೆ. ಅದೇ ಜಗಳದಲ್ಲಿ ‘ಕೈ ಅಲುಗಿಸದೆ ಕೂರುವುದು’ ಮತ್ತು ‘ಕಣ್ಣಲ್ಲಿ ಕಣ್ಣಿಟ್ಟು ನೋಡುವುದು’ ಎಂಬ ಎರಡು ಗುರಿಗಳನ್ನೂ ಹೊಡೆದು ಹಾಕಿಸಿದೆ. ಖುಷಿಯಾದಾಗ ಅವಳು ಕೈ ಬಡಿಯುತ್ತಾಳೆ, ಅದರಿಂದ ಯಾರಿಗೆ ಏನು ತೊಂದರೆ? ಚಿಕ್ಕಂದಿನಲ್ಲಿ ಇಂಥ ಥೆರಪಿ ಪಡೆದು ಬೆಳೆದ ಆಟಿಸಂ ಇರುವ ಅನೇಕರು, ತಮ್ಮನ್ನು ಮುಚ್ಚಿಟ್ಟುಕೊಳ್ಳುವುದನ್ನೇ ಕಲಿಸಿದರು ಎಂದು ಬರೆದಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗಂತೂ ಕಾರಣ ಕಾಣಲಿಲ್ಲ.

ಐದರಲ್ಲಿ ಮೂರು ನಕ್ಷತ್ರ. ಮೂರೂ ಆ ಸೂಪರ್‌ವೈಸರ್ ಕೆಲಸಕ್ಕೆ. ನೋಡಲು ಹೋದಾಗ ಗ್ರಾಫ್ ಕೇಳಬೇಡಿ, ಒಂದು ಸೆಷನ್ ನೋಡಲು ಬಿಡುತ್ತೀರಾ ಎಂದು ಕೇಳಿ. ಮಗು ಬೇಡ ಎಂದಾಗ ಥೆರಪಿಸ್ಟ್ ಏನು ಮಾಡುತ್ತಾರೆ ನೋಡಿ. ಬಾಗಿಲ ಹೊರಗೇ ಕೂರಿ ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಾವು ಈಗ ಸೆಂಟರ್ ಗಂಟೆಗಳನ್ನು ಇನ್ನೂ ಇಳಿಸಿ, ಉಳಿದ ದುಡ್ಡನ್ನು ಸ್ಪೀಚ್ ಥೆರಪಿಗೆ ಹಾಕಿದ್ದೇವೆ. ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಮಾತಾಡುವ ಆ್ಯಪ್ ಶುರುವಾಗಿದೆ. ಸದ್ಯಕ್ಕೆ ಅವಳು ಒತ್ತುವುದು ‘ಗುಳ್ಳೆ’ ಒಂದನ್ನೇ. ಸ್ವಲ್ಪ ದಿನ ಬಳಸಿ ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.