ಎರಡು ಫೈಬರ್ ಕಡ್ಡಿ, ಒಂದು ಸ್ಲೈಸ್, 14 ತಿಂಗಳು

ವಸ್ತು: ಗಾಲ್ಫ್ ಅಲೈನ್‌ಮೆಂಟ್ ಸ್ಟಿಕ್ (ನಿಲ್ಲುವ ದಿಕ್ಕು, ಕೋಲು ಬೀಸುವ ದಾರಿ ಸರಿ ಮಾಡಿಕೊಳ್ಳಲು ಅಭ್ಯಾಸದಲ್ಲಿ ಬಳಸುವ ಕಡ್ಡಿ), ಒಂದು ಜೋಡಿ. ಫೈಬರ್‌ಗ್ಲಾಸ್, ತಲಾ 48 ಇಂಚು, ಹಳದಿ ಬಣ್ಣ. ಕೊಟ್ಟ ದುಡ್ಡು 750 ರೂಪಾಯಿ. ಬಳಸಿದ್ದು 14 ತಿಂಗಳು, ವಾರಕ್ಕೆ ಎರಡು ಬೆಳಿಗ್ಗೆ. ಅಂಕ: ಐದಕ್ಕೆ ನಾಲ್ಕು.

ಪಾರ್ಸೆಲ್ ಬಿಚ್ಚಿದ ದಿನ ಮನೆಯವಳು ಕೇಳಿದ್ದು ಒಂದೇ ಮಾತು. "ಏನ್ರೀ ಇದು, ಸೊಳ್ಳೆ ಪರದೆ ಕಡ್ಡಿಗೆ ಏಳುನೂರೈವತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡೋಕೆ ನಿಜವಾಗಲೂ ಹಾಗೇ ಇವೆ.

ನನ್ನ ಕಾಯಿಲೆ ಸ್ಲೈಸ್. ಬಲಗೈ ಆಟಗಾರ ನಾನು. ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕೋಲು) ಹೊಡೆದ ಚೆಂಡು ಸ್ವಲ್ಪ ಎಡಕ್ಕೆ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ಏನೋ ಮರೆತು ಬಂದವರ ಹಾಗೆ ಬಲಕ್ಕೆ ತಿರುಗುತ್ತಿತ್ತು. ಜಯನಗರದ ಮೈದಾನಗಳಲ್ಲಿ ಇಪ್ಪತ್ತು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಕೈ. ಜೋರಾಗಿ ಬೀಸೋದೊಂದು ಗೊತ್ತು. ಜೋರು ಜಾಸ್ತಿ ಆದಷ್ಟೂ ಚೆಂಡು ಜಾಸ್ತಿ ತಿರುಗುತ್ತಿತ್ತು. ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಈಗ ಅದರ ಸುತ್ತ ಊರು ಬೆಳೆದು ನಿಂತಿದೆ. ಭಾವನವರ ಜೊತೆ ಅತಿಥಿಯಾಗಿ ಒಮ್ಮೆ ಅಲ್ಲಿ ಆಡಿದಾಗ ಇಡೀ ಹೊತ್ತು ನನಗೆ ಒಂದೇ ಯೋಚನೆ. ಪಾರ್, ಬರ್ಡಿ ಅನ್ನೋ ಸ್ಕೋರ್ ಲೆಕ್ಕ ಎಲ್ಲ ಆಮೇಲೆ, ಯಾರ ಕಾರಿನ ಗಾಜೂ ಒಡೆಯದಿದ್ದರೆ ಸಾಕಪ್ಪಾ ಅಂತ.

ಹೊಸ ಡ್ರೈವರ್ ಕೊಂಡೆ. ಹೊಸ ಡ್ರೈವರ್ ಹೊಸದಾಗಿ ಸ್ಲೈಸ್ ಮಾಡಿತು.

ರೋಗ ಏನು ಅಂತ ಮೊದಲು ಹೇಳಿದವರು ರೇಂಜಿನಲ್ಲಿ (ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಬಾಲ್ ಬುಟ್ಟಿ ತುಂಬಿಕೊಡುವ ಯಜಮಾನರು. ಮಾಗಡಿ ಕಡೆಯವರು. ಹಿಂದೆ ನಿಂತು ನಾಲ್ಕು ಹೊಡೆತ ನೋಡಿದರು. "ಸಾರ್, ನೀವು ರಾಗಿ ಕುಯ್ತಾ ಇದೀರ" ಅಂದರು. ನಾನು ನಕ್ಕೆ, ಅವರು ನಗಲಿಲ್ಲ. "ಕುಡ್ಲು ಹೆಂಗ್ ಬರತ್ತೆ? ಆಚೆಯಿಂದ ನಮ್ ಕಡೆಗೆ ಎಳ್ಕೊಂಡ್ ಬರತ್ತೆ. ನಿಮ್ ಕೋಲೂ ಹಂಗೇ ಬರ್ತಾ ಐತೆ. ಬೀಜ ಎರಚ್ದಂಗೆ ಹೋಗ್ಬೇಕು ಸಾರ್, ಒಳಗಿಂದ ಆಚೆಗೆ."

ಸ್ವಿಂಗ್ ಪಾತ್ (ಕೋಲು ಬೀಸಿ ಬರುವ ದಾರಿ) ಬಗ್ಗೆ ಎಷ್ಟೋ ವಿಡಿಯೊ ನೋಡಿದ್ದೆ. ಯಾವುದೂ ಇಷ್ಟು ಚೆನ್ನಾಗಿ ತಲೆಗೆ ಹೋಗಿರಲಿಲ್ಲ.

ಆಮೇಲೆ ಗೆಳೆಯನೊಬ್ಬನ ರೇಡಾರ್ ಯಂತ್ರ ಎರವಲು ತಂದು ಅಳೆದೆ. ಕ್ಲಬ್ (ಹೊಡೆಯುವ ಕೋಲು) ಬರುವ ದಾರಿ ಗುರಿಗಿಂತ 8 ಡಿಗ್ರಿ ಎಡಕ್ಕೆ. ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, 2 ಡಿಗ್ರಿ ಎಡಕ್ಕೆ. ಚೆಂಡು ಹೊರಡುವುದು ಹೆಚ್ಚುಕಡಿಮೆ ಮುಖ ನೋಡುವ ಕಡೆಗೆ. ಗಾಳಿಯಲ್ಲಿ ತಿರುಗುವುದು ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ. ನನ್ನ ಲೆಕ್ಕದಲ್ಲಿ ಅದು 6 ಡಿಗ್ರಿ. ಅಂದರೆ ಎಡಕ್ಕೆ ಹೊರಟು ಬಲಕ್ಕೆ ತಿರುಗಲೇಬೇಕು, ಬೇರೆ ದಾರಿಯೇ ಇಲ್ಲ. ಚೆಂಡು ಕ್ಲಬ್ಬಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಅರ್ಧ ಹೊತ್ತು ಅಷ್ಟೆ. ಆ ಹೊತ್ತಿನಲ್ಲಿ ನನ್ನ ಕ್ಲಬ್ ಚೆಂಡನ್ನು ಸವರಿಕೊಂಡು ಹೋಗುತ್ತಿತ್ತು. ನಾನು ಹಾಕಿದ ಬಲದಲ್ಲಿ ಒಂದು ಪಾಲು ಚೆಂಡನ್ನು ಓಡಿಸುವ ಬದಲು ಬುಗುರಿ ಥರ ತಿರುಗಿಸೋಕೆ ಹೋಗುತ್ತಿತ್ತು.

ಈಗ ಕಡ್ಡಿ ವಿಷಯ.

ಮೊದಲ ದಿನ ಒಂದೇ ಕಡ್ಡಿ ಬಳಸಿದೆ. ಯಾವಾಗಲೂ ನಿಲ್ಲುವ ಹಾಗೆ ನಿಂತು, ಕಾಲ್ಬೆರಳ ಮುಂದೆ ಕಡ್ಡಿ ಇಟ್ಟು, ಹಿಂದಕ್ಕೆ ಹೋಗಿ ನೋಡಿದೆ. 150 ಗಜದ ಬೋರ್ಡಿಗೆ ನೇರ ನಿಂತಿದ್ದೀನಿ ಅಂದುಕೊಂಡಿದ್ದೆ. ಕಡ್ಡಿ ತೋರಿಸುತ್ತಿದ್ದದ್ದು ಎಡಗಡೆ ಬೇಲಿ ಪಕ್ಕದ ನೀರಿನ ಟ್ಯಾಂಕ್. ಚೆಂಡು ಬಲಕ್ಕೆ ಹೋಗುತ್ತೆ ಅನ್ನೋ ಭಯಕ್ಕೆ ದಿನಾ ಒಂದಿಷ್ಟು ಎಡಕ್ಕೆ ತಿರುಗಿ ತಿರುಗಿ ನಿಂತಿದ್ದೇನೆ. ಎಡಕ್ಕೆ ನಿಂತಷ್ಟೂ ಕ್ಲಬ್ ಹೊರಗಿಂದ ಒಳಗೆ ಬರುತ್ತೆ, ಇನ್ನೂ ತಿರುಗುತ್ತೆ, ನಾನು ಇನ್ನೂ ಎಡಕ್ಕೆ ನಿಲ್ಲುತ್ತೇನೆ. 750 ರೂಪಾಯಿ ಆ ಒಂದು ನಿಮಿಷದಲ್ಲೇ ವಾಪಸ್ ಬಂತು ಅಂತ ನನ್ನ ಲೆಕ್ಕ.

ಎರಡನೇ ಕಡ್ಡಿಯದ್ದೇ ನಿಜವಾದ ಕೆಲಸ. ಅದನ್ನು ಚೆಂಡಿನ ಹಿಂದೆ, ಗುರಿಯ ಗೆರೆಗಿಂತ ಒಂಚೂರು ಆಚೆ, ಕ್ಲಬ್ಬಿನ ಕೋಲಿನಷ್ಟೇ ಓರೆಯಾಗಿ ನಿಲ್ಲಿಸಬೇಕು. ಕೆಳಗೆ ಬರುವಾಗ ಕ್ಲಬ್ ಅದರ ಅಡಿಯಿಂದ ತೂರಿ ಬರಬೇಕು. ಮೇಲಿಂದ ಬಂದರೆ ಕಡ್ಡಿಗೆ ಬಡಿಯುತ್ತದೆ. ಹುಲ್ಲಾದರೆ ಚುಚ್ಚಿಬಿಡಬಹುದು. ನಮ್ಮ ರೇಂಜಿನಲ್ಲಿ ಇರೋದು ಮ್ಯಾಟ್, ಕೆಳಗೆ ಕಾಂಕ್ರೀಟು. ಹಳೇ ಪೇಂಟ್ ಡಬ್ಬಕ್ಕೆ ಎಂ-ಸ್ಯಾಂಡ್ ತುಂಬಿಕೊಂಡು ಹೋದೆ. ಕಡ್ಡಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ತೊಡಿಸಿದೆ, ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಫೋಮ್ ಇಲ್ಲದೆ ದಯವಿಟ್ಟು ಮಾಡಬೇಡಿ. ಕ್ಲಬ್ಬಿನ ಗ್ರಾಫೈಟ್ ಶಾಫ್ಟ್ ಸುಮ್ನೆ ಹಾಳಾಗುತ್ತೆ.

ಮೊದಲ ವಾರ ಬರೀ ಠಪ್, ಠಪ್. ಸೆವೆನ್ ಐರನ್ (ಮಧ್ಯಮ ದೂರದ ಕೋಲು), ಅರ್ಧ ಸ್ವಿಂಗ್, ಚೆಂಡೇ ಇಲ್ಲ. ಆದರೂ ಠಪ್. ಪಕ್ಕದಲ್ಲಿ ಹೊಡೆಯುತ್ತಿದ್ದವರು "ಕಂಬಳಿ ಒದರ್ತಿದೀರಾ ಸಾರ್?" ಅಂತ ಕೇಳಿದರು. ಇದರಲ್ಲಿ ಒಂದು ಒಳ್ಳೆಯದಿದೆ. ಕೋಚ್ ಹೇಳಿದರೆ ವಾದ ಮಾಡಬಹುದು, ವಿಡಿಯೊ ನೋಡಿದರೆ ಕ್ಯಾಮೆರಾ ಕೋನ ಸರಿಯಿಲ್ಲ ಅನ್ನಬಹುದು. ಕಡ್ಡಿ ಠಪ್ ಅಂದಮೇಲೆ ಮುಗೀತು. ಅದೂ ತಪ್ಪು ಮಾಡಿದ ಆ ಗಳಿಗೆಯಲ್ಲೇ.

ಹತ್ತನೇ ದಿನವೋ ಏನೋ, ಒಂದು ಸಲ ಸದ್ದು ಬರಲಿಲ್ಲ. ಏನು ಬೇರೆ ಮಾಡಿದೆ ಅಂತ ಯೋಚಿಸಿದೆ. ಬಲ ಭುಜ ಕಾದಿತ್ತು. ಅಲ್ಲಿಯವರೆಗೆ ಕ್ಲಬ್ ಮೇಲೆ ಹೋದ ಕೂಡಲೇ ಬಲ ಭುಜ ಮುಂದಕ್ಕೆ ನುಗ್ಗುತ್ತಿತ್ತು, ಬಿಎಂಟಿಸಿ ಬಸ್ ಹತ್ತುವವರ ಹಾಗೆ. ಈಗ ಮೊದಲು ಎಡ ಸೊಂಟ ಹೊರಟಿತು, ಬೆನ್ನು ಇನ್ನೊಂದು ಗಳಿಗೆ ಗುರಿ ಕಡೆಗೇ ಇತ್ತು, ಬಲ ಮೊಣಕೈ ಪಕ್ಕೆಗೆ ಒರಗಿಕೊಂಡು ಇಳಿಯಿತು. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಜಾರಿಸಿ ಎಸೆಯುತ್ತಿದ್ದೆವಲ್ಲ, ಕೈ ಹೋಗುವುದು ಅದೇ ದಾರಿ. ಚೆಂಡು ಇಟ್ಟು ಹೊಡೆದೆ. ಸದ್ದೇ ಬೇರೆ. ಮೊದಲು ಚಟ್ ಅಂತಿದ್ದದ್ದು ಈಗ ದಪ್ಪಗೆ ಟಕ್ ಅಂದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಮೂರನೇ ತಿಂಗಳಲ್ಲಿ ಉತ್ಸಾಹ ಜಾಸ್ತಿಯಾಯಿತು. ಒಳಗಿಂದ ಬಂದರೆ ಒಳ್ಳೆಯದು, ಇನ್ನೂ ಒಳಗಿಂದ ಬಂದರೆ ಇನ್ನೂ ಒಳ್ಳೆಯದು ಅಲ್ವಾ? ಅಲ್ಲ. ಚೆಂಡು ಈಗ ಎಡಕ್ಕೆ ಹುಕ್ ಆಗತೊಡಗಿತು. ಕ್ಲಬ್ಬಿನ ಮುಖ ಎಡಕ್ಕೆ ತಿರುಗಿ ಮುಚ್ಚದಿದ್ದರೆ ಸೀದಾ ಬಲಕ್ಕೆ ದೂಡಿಕೊಂಡು ಹೋಗುತ್ತಿತ್ತು. ಇದನ್ನು ಕಡ್ಡಿ ಹೇಳುವುದಿಲ್ಲ. ಅತಿ ಆದರೂ ಅದರ ಅಡಿಯಿಂದ ಸಲೀಸಾಗಿ ತೂರುತ್ತೀರಿ, ಅದು ಸುಮ್ನೆ ನಿಂತಿರುತ್ತದೆ. ಕ್ಲಬ್ಬಿನ ಮುಖದ ಬಗ್ಗೆಯಂತೂ ಅದಕ್ಕೆ ಏನೂ ಗೊತ್ತಿಲ್ಲ. ಕೊನೆಗೆ ಒಬ್ಬ ಕೋಚ್ ಹತ್ತಿರ ಮೂರು ಪಾಠ ಹೇಳಿಸಿಕೊಂಡೆ. ಅವರು ನನ್ನ ಎಡಗೈ ಹಿಡಿತವನ್ನು ಒಂದಿಷ್ಟು ಸರಿ ಮಾಡಿದರು. ಚೆಂಡಿನಿಂದ ಒಂದು ಅಡಿ ಮುಂದೆ, ಗೆರೆಯ ಆಚೆ ಬದಿಗೆ ಖಾಲಿ ಬಾಲ್ ಡಬ್ಬಿ ಇಟ್ಟರು. ಅತಿಯಾಗಿ ಹೊರಗೆ ಹೋದರೆ ಡಬ್ಬಿ ಹಾರುತ್ತದೆ. ಹಿಂದೆ ಕಡ್ಡಿ, ಮುಂದೆ ಡಬ್ಬಿ. ಎರಡರ ನಡುವೆ ಹಾದು ಹೋಗೋದು ಕಲಿಯೋಕೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಹೋದ ತಿಂಗಳು ಅದೇ ಯಂತ್ರದಲ್ಲಿ, ಅದೇ ರೇಂಜಿನಲ್ಲಿ ಮತ್ತೆ ಅಳೆದೆ. ದಾರಿ ಈಗ 1ರಿಂದ 2 ಡಿಗ್ರಿ ಬಲಕ್ಕೆ. ಕ್ಲಬ್ಬಿನ ವೇಗ ಗಂಟೆಗೆ 86 ಮೈಲಿ ಇದ್ದದ್ದು 88. ಅಂದರೆ ತೋಳಿಗೆ ಹೊಸ ಶಕ್ತಿಯೇನೂ ಬಂದಿಲ್ಲ. ಆದರೆ ಚೆಂಡಿನ ವೇಗ 115ರಿಂದ 126ಕ್ಕೆ ಹೋಗಿದೆ. ಗಾಳಿಯಲ್ಲೇ ಹೋಗುವ ದೂರ 160 ಗಜದಿಂದ 190ರ ಹತ್ತಿರ. ಮಂಗಳೂರಿನ ಷಡ್ಡಕ "ನಿಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ದೂರ ಹೋಗ್ತದೆ ಮಾರಾಯ್ರೆ" ಅಂದ. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದು ನಿಜ. ಆದರೆ 14 ತಿಂಗಳಲ್ಲಿ ಊರೇನೂ ಮೇಲಕ್ಕೆ ಹೋಗಿಲ್ಲವಲ್ಲ. ಮನೆಯವಳ ಏಟು ಇದಕ್ಕಿಂತ ಜೋರು. "ನಮ್ಮೂರ ಹುಡುಗಿ ಅದಿತಿ ಅಶೋಕ್ ದೂರ ಹೊಡೆಯೋರ ಪೈಕಿ ಅಲ್ವಂತೆ. ಆದ್ರೂ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ. ನೀವು ಪಟ್ಟಿಂಗ್, ಆ ಕುಳಿಗೆ ಚೆಂಡು ಉರುಳಿಸೋದು, ಯಾವಾಗ ಕಲಿಯೋದು?" ಇದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

ಒಂದು ಅಂಕ ಕಳೆದದ್ದು ಸಿಬಿರಿಗೆ. ಆರು ತಿಂಗಳು ಬಿಸಿಲಿಗೆ ಬಿದ್ದ ಮೇಲೆ ಕಡ್ಡಿಯ ಮೇಲ್ಪದರ ಏಳತೊಡಗಿತು. ಒಂದು ದಿನ ಒರೆಸಲು ಕೈ ಆಡಿಸಿದೆ. ಅಂಗೈಗೆ ಚುಚ್ಚಿದ ಫೈಬರ್ ಎಳೆಗಳು ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗಲ್ಲ, ಸಾರು ಅನ್ನ ಕಲಸುವಾಗ ಮಾತ್ರ ಗೊತ್ತಾಗುತ್ತವೆ. ತುದಿಯ ರಬ್ಬರ್ ಟೊಪ್ಪಿ ಎರಡನೇ ತಿಂಗಳಲ್ಲೇ ಕಳೆದುಹೋಯಿತು. ಹೇಗೆ ಬಳಸಬೇಕು ಅನ್ನೋ ಚೀಟಿ ಕೂಡ ಒಳಗಿರಲಿಲ್ಲ. ಸ್ಕೂಟರಿನಲ್ಲಿ ಹೋಗುವವರಿಗೆ ನಾಲ್ಕು ಅಡಿ ಕಡ್ಡಿ ಒಯ್ಯೋದು ಒಂದು ಸರ್ಕಸ್ಸು.

ಪರದೆ ಕಡ್ಡಿಯನ್ನೇ ಬಳಸಬಹುದಾ ಅಂತ ಕೇಳುವವರಿಗೆ: ಮಾಡಿ ನೋಡಿದ್ದೇನೆ. ನೆಲಕ್ಕೆ ಇಟ್ಟು ಪಾದ ಸರಿ ಮಾಡಿಕೊಳ್ಳಲು ಸಾಕು. ಓರೆಯಾಗಿ ನಿಲ್ಲಿಸಿದರೆ ಬಾಗುತ್ತದೆ, ಕೆಲಸಕ್ಕೆ ಬರಲ್ಲ.

ಹಳೇ ಜೋಡಿ ಈಗ ಟೆರೇಸ್ ಮೇಲೆ ಹೀರೇಕಾಯಿ ಬಳ್ಳಿಗೆ ಆಸರೆ. ಹೊಸ ಜೋಡಿ ತರಿಸಿದ್ದೇನೆ. ಈ ಸಲ ಮೊದಲ ದಿನವೇ ಉದ್ದಕ್ಕೂ ಇನ್ಸುಲೇಷನ್ ಟೇಪ್ ಸುತ್ತಿದೆ, ಹತ್ತು ರೂಪಾಯಿಯ ಎರಡು ಸುರುಳಿ ಹಿಡಿಯಿತು.